ಭಂಡಾರದ ಆಣೆ

ಟಿವಿಯ ಮರಾಠಿ ಧಾರಾವಾಹಿಯ ನಿನ್ನೆಯ ಕಂತಿನಲ್ಲಿ ಒಬ್ಬ ಹೆಂಗಸು ಮೆಟ್ಟಿಲು ತೊಳೆದು, ಅದು ಒಣಗುವವರೆಗೆ ಯಾರನ್ನೂ ಹತ್ತಗೊಡದೆ ಪೊರಕೆ ಹಿಡಿದು ಕಾವಲು ನಿಂತಿದ್ದಳು. ನೋಡಿದವರೆಲ್ಲ ನಕ್ಕರು, ಖಡಕಿಯ ಬಿಲ್ಡಿಂಗೊಂದರ ಮೇಲ್ಮನೆಯ ಬಸವಣ್ಣೆವ್ವ ಒಬ್ಬರನ್ನು ಬಿಟ್ಟು.

ಬೆಳಿಗ್ಗೆ ಎಂಟಕ್ಕೆಲ್ಲ ಅವರು ಜೇಜುರಿಯ ಖಂಡೋಬನ ಗುಡಿಯಿಂದ ತಂದ ಭಂಡಾರದ, ಅಂದರೆ ಪ್ರಸಾದದ ಅರಿಶಿನದ, ಬಟ್ಟಲು ಹಿಡಿದು ಕೆಳಮನೆಯ ಧರ್ಮರಾಜನ ಬಾಗಿಲಿಗೆ ಬಂದರು. ಹಿಂದೆ ನೆರೆಯ ಫಕೀರಪ್ಪ, ರುಕ್ಮಿಣಮ್ಮ.

"ಮರಾಠಿ ಮಾತಾಡಿದ್ರೂ ಆಕಿ ನಾನ ಅಂತ ಗೊತ್ತಾಗಂಗಿಲ್ಲೇನಪಾ ನನಗ? ಇದನ್ನ ಮುಟ್ಟು. ಈ ಬಿಲ್ಡಿಂಗಿನ ಯಾರ ಮ್ಯಾಲೂ ಇನ್ನ ಬರಿಯಂಗಿಲ್ಲ ಅನ್ನು."

ಧಾರವಾಡದಿಂದ ಬಂದು ಇಲ್ಲಿ ನೆಲೆಸಿದ ಧರ್ಮರಾಜನ ಕಸುಬೇ ಅದು. ಮೆಟ್ಟಿಲ ಮೇಲೆ ಕನ್ನಡದಲ್ಲಿ ಕೇಳಿದ್ದನ್ನು ಮರಾಠಿ ಮಾಡಿ ಹಾಸ್ಯ ಧಾರಾವಾಹಿಗೆ ಕೊಡುವುದು. ಆದರೆ ಖಂಡೋಬನ ಮುಂದೆ ವಾದ ಹೂಡುವುದುಂಟೆ? ಮುಟ್ಟಿದ. ಸಂಜೆ ಆರರೊಳಗೆ ಹೊಸ ಕಂತು ಬರದಿದ್ದರೆ ಧಾರಾವಾಹಿ ಬೇರೆಯವರ ಪಾಲು ಎಂದು ನಿರ್ದೇಶಕ ಓಂಕಾರ್ ಎಚ್ಚರಿಸಿದ್ದು ಆಮೇಲೆ ನೆನಪಾಯಿತು.

ಆಣೆಯಾದದ್ದೇ ತಡ, ಇಷ್ಟು ದಿನ ಅವನನ್ನು ಕಂಡರೆ ಬಾಯಿ ಮುಚ್ಚುತ್ತಿದ್ದವರೆಲ್ಲ ಧಾರಾಳವಾದರು. ರುಕ್ಮಿಣಮ್ಮ, ಬಸವಣ್ಣೆವ್ವ ಒಂದು ಹಪ್ಪಳಕ್ಕಾಗಿ ಅವನ ಹೊಸ್ತಿಲಲ್ಲೇ ಜಗಳವಾಡಿ ಅವನನ್ನೇ ಪಂಚನಾಗಿಸಿದರು. ಫಕೀರಪ್ಪ ಕುರ್ಚಿ ಎಳೆದುಕೊಂಡು, ದೌಂಡ್ ಊರಿನಲ್ಲಿ ಯಾರದೋ ಮದುವೆಗೆ ನುಗ್ಗಿ, ಉಂಡು, ಫೋಟೋ ತೆಗೆಸಿಕೊಂಡು, ಕೊನೆಗೆ ಮದುಮಗನ ಕೈಯಿಂದ ತಾವು ಕೊಟ್ಟ ಉಡುಗೊರೆಯನ್ನೂ ವಾಪಸು ಇಸಿದುಕೊಂಡ ಕತೆ ಹೇಳಿದರು. ಧರ್ಮರಾಜ ಏಕಾದಶಿಯ ದಿನ ಮಿಠಾಯಿ ಅಂಗಡಿಯಲ್ಲಿ ಸಿಕ್ಕಿಬಿದ್ದವನಂತೆ ಒದ್ದಾಡಿದ. ಬೇರೆ ಸರಕು ಸಿಕ್ಕೀತೆಂದು ಪೇಟೆಗೆ ಹೋದರೆ, ಅಲ್ಲಿ ಜನ ತರಕಾರಿ ಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದರು.

ನಾಲ್ಕಾದರೂ ಹಾಳೆಯ ಮೇಲೆ 'ದೃಶ್ಯ ಒಂದು' ಎಂದಷ್ಟೇ ಇತ್ತು.

"ನನ್ನ ಮ್ಯಾಲೆ ನಾನ ಬರಕೋತೀನಿ," ಎಂದ ಹೆಂಡತಿ ಮುಕ್ತಾಳಿಗೆ.

"ಹೆಂಗ ಬರೀತೀರಿ? ನೀವೂ ಈ ಬಿಲ್ಡಿಂಗಿನವರ ಅಲ್ಲೇನ್ರಿ?" ರೊಟ್ಟಿಯ ಕೈ ಒರೆಸಿಕೊಂಡು ಅವಳು ಪೆನ್ನು ಕಸಿದಳು. "ಇತ್ತ ಕೊಡ್ರಿ. ಆಣಿ ನಾ ಮಾಡಿಲ್ಲ."

ಸಾರು ಕುದಿಯುವಷ್ಟರಲ್ಲಿ ಅರ್ಧ, ಬಟ್ಟೆ ಮಡಚಿಟ್ಟು ಇನ್ನರ್ಧ ಬರೆದಳು. ಊರನ್ನೆಲ್ಲ ನಗಿಸುವ ಒಬ್ಬ ಗಂಡ. ಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಲು ಅರ್ಧ ಗಂಟೆ. ಧರ್ಮರಾಜ ಓದದೆಯೇ ಕಳಿಸಿದ.

ಆರೂಕಾಲಿಗೆ ಓಂಕಾರನ ಫೋನು. ನಕ್ಕು ನಕ್ಕು ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಇಂಥ ಕಂತು ಈವರೆಗೆ ಬಂದೇ ಇಲ್ಲವಂತೆ. ಸುಳ್ಳು ಹೇಳಲು ಬಾರದ ಧರ್ಮರಾಜ, ಬರೆದವಳು ಹೆಂಡತಿ ಎಂದುಬಿಟ್ಟ. ಹಾಗಾದರೆ ನಾಳೆಯಿಂದ ಅವರೇ ಬರೆಯಲಿ, ನೀವು ಮಾತ್ರ ಹೇಗಿದ್ದೀರೋ ಹಾಗೇ ಇರಿ, ಏನೂ ಸುಧಾರಿಸಿಕೊಳ್ಳಬೇಡಿ ಎಂದ ಓಂಕಾರ್.

ಸುದ್ದಿ ಮೆಟ್ಟಿಲು ಹತ್ತಲು ಹೊತ್ತಾಗಲಿಲ್ಲ. ಬಸವಣ್ಣೆವ್ವ ಚಕ್ಕಲಿಯ ತಾಟು ಹಿಡಿದು ಬಂದು ಮುಕ್ತಾಳ ಪಕ್ಕದಲ್ಲಿ ಕೂತರು.

"ನಿನ್ನ ಗಂಡ ಹಲ್ಲಿ ಕಂಡ್ರ ಕುರ್ಚಿ ಏರ್ತಾನಲ್ಲವಾ, ಅದನ್ನ ಬರದಿಯೇನು?"

ಮುಕ್ತಾ ಹೊಸ ಹಾಳೆ ತೆಗೆದಳು.