ರಾಟೆ ನಿಂತರೆ ಪಾಸು

ನಮ್ಮ ಸೋದರತ್ತೆಯ ಕಾದಂಬರಿಗಳನ್ನು ನಪಾಸು ಮಾಡುವ ಅಧಿಕಾರ ಈ ಭೂಮಿಯ ಮೇಲೆ ಒಂದೇ ಒಂದಕ್ಕಿದೆ. ಅದು ವಿಮರ್ಶಕರಲ್ಲ, ಪ್ರಶಸ್ತಿ ಸಮಿತಿಯಲ್ಲ, ಅವಳನ್ನು ಕಟ್ಟಿಕೊಂಡ ನಮ್ಮ ಮಾವನಂತೂ ಅಲ್ಲವೇ ಅಲ್ಲ. ಅದೊಂದು ನೂಲಿನ ರಾಟೆ! ನಗಬೇಡಿ. ಬೆಟಗೇರಿಗೆ ಬಂದು ನೋಡಿ.

ಅತ್ತೆಯ ಎದುರು ಮನೆ ಹಮೀದಾಬಿಯದು. ಮಾವನ ಕೈಮಗ್ಗಕ್ಕೆ ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತಿಕೊಡುವವಳು ಅವಳು. ಮಧ್ಯಾಹ್ನ ಊಟವಾದ ಮೇಲೆ ರಾಟೆ ತಂದು ಅತ್ತೆಯ ಪಡಸಾಲೆಯಲ್ಲಿ ಕೂರುತ್ತಾಳೆ. ಅತ್ತೆ ಬೆಳಿಗ್ಗೆ ಬರೆದದ್ದನ್ನು ತೆಗೆದು ಜೋರಾಗಿ ಓದತೊಡಗುತ್ತಾಳೆ. ಕೇಳುತ್ತ ಕೇಳುತ್ತ ಹಮೀದಾಬಿಯ ಕೈ ತಡೆದು ರಾಟೆ ನಿಂತಿತೋ, ಆ ಪುಟ ಪಾಸು. ಗರಗರ ತಿರುಗುತ್ತಲೇ ಇದ್ದರೆ ಪುಟ ಒಲೆಗೆ!

ಎಷ್ಟೋ ವರ್ಷಗಳ ಹಿಂದೊಮ್ಮೆ ಒಬ್ಬ ನಾಯಕ ಮುಂಡರಗಿ ಬಸ್ಸಿನ ಬಾಗಿಲಲ್ಲಿ ನಿಂತು ಪ್ರೇಯಸಿಗೆ ಪುಟಗಟ್ಟಲೆ ವಿದಾಯ ಹೇಳುತ್ತಿದ್ದ. ರಾಟೆ ನಿಲ್ಲಲೇ ಇಲ್ಲ.

“ಬಸ್ ಹೊಂಟೈತಿ ಅಂತ ಆಗಳೇ ಓದಿದ್ಯಲ್ಲವಾ?” ಎಂದಳು ಹಮೀದಾಬಿ. “ಇವ ಇನ್ನೂ ಮಾತಾಡಾಕ ಹತ್ಯಾನ. ಕಂಡಕ್ಟರ್ ಏನು ಇವನ ಬೀಗನೇನು, ಸುಮ್ಮ ನಿಂದ್ರಾಕ?”

ಅಷ್ಟೂ ವಿರಹ ಒಲೆಗೆ ಹೋಯಿತು. ಅದೇ ಉರಿಯ ಮೇಲೆ ಕಾಯಿಸಿದ ಚಹಾವನ್ನು ಇಬ್ಬರೂ ಸಮಾಧಾನವಾಗಿ ಕುಡಿದರು.

ನಮ್ಮ ಕಡೆ ಹೊಸ ಸೀರೆಯನ್ನು ಮೊದಲು ತಾನೇ ಉಡದೆ, ಮನಸ್ಸಿಗೆ ಬೇಕಾದವರಿಗೆ ಉಡಲು ಕೊಡುವ ರೂಢಿಯುಂಟು. ಅವರು ಉಟ್ಟು ಮಡಿಕೆ ಬಿಚ್ಚಿಕೊಟ್ಟರೆ ಅದಕ್ಕೆ ಘಳಿಗಿ ಮುರಿಯುವುದು ಎನ್ನುತ್ತಾರೆ. ಅತ್ತೆಯ ಸೀರೆಗಳ ಘಳಿಗಿ ಮುರಿಯುವವಳು ಹಮೀದಾಬಿ. ಕಾದಂಬರಿಗಳ ಘಳಿಗಿಯನ್ನೂ ಅವಳೇ ಮುರಿಯಬೇಕು. ಅಲ್ಲಿಯವರೆಗೆ ಬೇರೆಯವರು ಮುಟ್ಟುವಂತಿಲ್ಲ.

“ನನಗ ಒಂದು ಪುಟ ತೋರಿಸಿದ್ರ ನಿನ್ನ ಗಂಟೇನು ಹೋಗತೈತಿ?” ಎಂದು ಮಾವ ಒಮ್ಮೆ ಗುರುಗುಟ್ಟಿದ.

“ನೀವು ಏನ್ ಕೊಟ್ರೂ ಚಲೋ ಐತಿ ಅಂತೀರಿ. ನಿಮ್ಮನ್ನ ಹೆಂಗ ನಂಬೂದ್ರಿ?”

ಮಾವ ಎದ್ದು ಮಗ್ಗಕ್ಕೆ ಹೋದ.

ನಾನೂ ಕಥೆ ಬರೆಯುತ್ತೇನೆ. ಆದರೆ ಕಾಲಕ್ಕೆ ತಕ್ಕ ಹಾಗೆ ಬಗ್ಗಿದವಳು. ನನ್ನ ಹೊಸ ಸಂಕಲನ ಬಂದಾಗ ಪ್ರಕಾಶಕರು ಹೇಳಿದರೆಂದು ಗದಗಿನ ಭೀಷ್ಮ ಕೆರೆಯ ದಂಡೆಯಲ್ಲಿ ಪುಸ್ತಕ ಎದೆಗವಚಿಕೊಂಡು ನಡೆದಾಡಿ ರೀಲ್ಸ್ ಮಾಡಿದೆ. ನೋಡಿದವರೇನು ಕಡಿಮೆಯೇ? ಎಲ್ಲರೂ ಕೇಳಿದ್ದು ಒಂದೇ: ಸೀರೆ ಎಲ್ಲಿ ತಗೊಂಡಿರಿ?

ಇನ್ನು ಅತ್ತೆಯ ಹಳೆಯ ಪ್ರಕಾಶಕರು. ಹಸ್ತಪ್ರತಿ ಕಳಿಸಿದರೆ “ಮುಟ್ಟಿತು” ಎಂದೊಂದು ಕಾರ್ಡು, ಆಮೇಲೆ ಸೀದಾ ಪುಸ್ತಕ. ಅವರು ತೀರಿಕೊಂಡ ಮೇಲೆ ವ್ಯವಹಾರ ಮಗನ ಕೈಗೆ ಬಂತು. ಈಚೆಗೆ ಆ ಮಗರಾಯ ಬೆಂಗಳೂರಿನಿಂದ ಕಾರು ಹಾಕಿಕೊಂಡು ಬಂದೇಬಿಟ್ಟ. ಆ ಹೊತ್ತಿಗೆ ನಾನೂ ಅಲ್ಲೇ ಇದ್ದೆ, ಹಮೀದಾಬಿಯೂ ರಾಟೆ ತಿರುಗಿಸುತ್ತ ಕೂತಿದ್ದಳು. ಅತ್ತೆಗೆ ಎಪ್ಪತ್ತು ದಾಟಿತ್ತು. ಇದೇ ನನ್ನ ಕಡೇ ಕಾದಂಬರಿ ಎಂದು ಅವಳೇ ಹೇಳಿಬಿಟ್ಟಿದ್ದಳು.

“ಅಮ್ಮಾ, ಒಂದು ನಿಮಿಷದ ವಿಡಿಯೋದಲ್ಲಿ ಕಥೆ ಹೇಳ್ಬಿಡಿ, ಸಾಕು.”

“ಒಂದ ನಿಮಿಷದಾಗ ಹೇಳಾಕ ಬರ್ತಿದ್ರ ಮೂರು ವರ್ಷ ಯಾಕ ಬರೀತಿದ್ದೆ ತಮ್ಮಾ?”

“ಹೋಗ್ಲಿ, ನಿಮ್ಮ ಟಾರ್ಗೆಟ್ ರೀಡರ್ ಯಾರು?”

ಅತ್ತೆ ರಾಟೆಯ ಕಡೆ ಕೈ ಮಾಡಿದಳು. “ಅಕಿ. ಓದಾಕ ಬರೂದಿಲ್ಲ ಅಕಿಗೆ.”

ಹುಡುಗ ನೀರು ಕುಡಿದ. ಆಮೇಲೆ ಅಸಲು ವಿಷಯಕ್ಕೆ ಬಂದ. ಕಾದಂಬರಿಯ ನಾಯಕಿ, ಗಂಡ ಬಿಟ್ಟುಹೋದ ಮೇಲೆ ಲಕ್ಷ್ಮೇಶ್ವರದಲ್ಲಿ ಹಿಟ್ಟಿನ ಗಿರಣಿ ಇಟ್ಟು ಬದುಕುತ್ತಾಳೆ. ಎಷ್ಟೋ ವರ್ಷದ ಮೇಲೆ ಅವನು ಜೋಳದ ಚೀಲ ಹೊತ್ತು ಬಂದಾಗ, ಹಿಟ್ಟು ಬೀಸಿಕೊಟ್ಟು ಕಳಿಸಿಬಿಡುತ್ತಾಳೆ. ಅಷ್ಟೇ. ಈ ಕೊನೆ ಯಾರಿಗೂ ಬೇಡವಂತೆ! ಇಬ್ಬರೂ ಒಂದಾಗಬೇಕಂತೆ! ತಾನೇ ಎರಡು ಪುಟ ಬರೆಸಿ ತಂದಿದ್ದ. ಇದಕ್ಕೆ ಒಪ್ಪಿದರೆ ಪುಸ್ತಕ, ಇಲ್ಲದಿದ್ದರೆ ಇಲ್ಲ.

“ನಾ ಬರೆದ ಕೊನಿಗೆ ರಾಟಿ ನಿಂತೈತಿ” ಎಂದಳು ಅತ್ತೆ. “ಇನ್ನ ಒಂದಕ್ಷರ ಕದಲಂಗಿಲ್ಲ.”

ರಾಟೆಯ ಲೆಕ್ಕವನ್ನು ನನ್ನಿಂದ ಕೇಳಿ ತಿಳಿದು ಅನುಮಾನಗೊಂಡ ಹುಡುಗ ಹಮೀದಾಬಿಯ ಬೆನ್ನ ಹಿಂದೆ ಹೋಗಿ “ಅಜ್ಜೀ!” ಎಂದು ಕೂಗಿದ. ಅವಳು ತಿರುಗಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದ. ಊಹೂಂ.

“ಇವ್ರಿಗೆ ಕಿವೀನೇ ಕೇಳ್ಸಲ್ವಲ್ಲಮ್ಮಾ! ಇವ್ರನ್ನ ನಂಬ್ಕೊಂಡು ಕೂತಿದ್ದೀರಾ?”

ಹಮೀದಾಬಿಗೆ ಕಿವಿ ಮಂದ ಎಂದು ಗೊತ್ತಿತ್ತು, ಪೂರ್ತಿ ಹೋಗಿದೆಯೆಂದು ನನಗೂ ಗೊತ್ತಿರಲಿಲ್ಲ. ಹಾಗಾದರೆ ಇಷ್ಟು ದಿನ ಪಾಸಾದ ಪುಟಗಳ ಗತಿಯೇನು?

ಅತ್ತೆ ಮಾತ್ರ ಜಗ್ಗದೆ ತನ್ನ ಮುಖ ಮುಟ್ಟಿ ತೋರಿಸಿದಳು. “ಅಕಿ ಕಿವಿ ಹೋಗಿ ಭಾಳ ದಿನಾ ಆತು. ಅಕಿ ನನ್ನ ಮಾರಿ ನೋಡ್ತಾಳ. ನಾ ಸುಳ್ಳ ಬರೆದ್ರ ನನ್ನ ಮಾರಿ ಹೆಂಗಾಗತೈತಿ ಅಂತ ನನಗೇ ಗೊತ್ತಿಲ್ಲ, ಅಕಿಗೆ ಗೊತ್ತೈತಿ. ತಾ ಇಲ್ಲಿ ನಿನ್ನ ಪುಟ. ರಾಟಿ ನಿಂತ್ರ ಅದನ್ನ ಅಚ್ಚ ಹಾಕು!”

ಹುಡುಗನ ಕೈಯಿಂದ ಕಸಿದುಕೊಂಡು ಹಮೀದಾಬಿಯ ಎದುರು ಕೂತಳು. ಗಂಡ ಅತ್ತ, ಹೆಂಡತಿ ಅತ್ತಳು, ಗಿರಣಿಗೆ ಬೀಗ ಬಿತ್ತು, ಎಲ್ಲವನ್ನೂ ಓದಿದಳು. ರಾಟೆ ಗರಗರ, ಗರಗರ. ಓದು ಮುಗಿದ ಮೇಲೆ ಹಮೀದಾಬಿ ಓಣಿಗೆಲ್ಲ ಕೇಳುವಂತೆ ಕೇಳಿದಳು: “ಏನವಾ ಅದು? ಬ್ಯಾಂಕಿನ ನೋಟೀಸ ಓದಿದಂಗ ಓದಿದೀ?”

ಹುಡುಗ ಪುಟಗಳನ್ನು ಮಡಚಿಕೊಂಡು ಕಾರು ಹತ್ತಿದ. “ಗದಗ ಜಿಲ್ಲಾ ಆಗಿ ಇಷ್ಟ ವರ್ಷ ಆತು. ಪುಸ್ತಕ ಹಾಕಾಕ ಇನ್ನೂ ಬೆಂಗಳೂರಿನವರೇ ಬೇಕೇನು?” ಎಂದು ಅತ್ತೆ ಕಾರಿನ ಧೂಳಿಗೇ ಸವಾಲು ಹಾಕಿದಳು. ಗದಗಿನ ಸಣ್ಣದೊಂದು ಪ್ರೆಸ್ಸಿನಲ್ಲಿ, ತಾನು ಬರೆದ ಕೊನೆಯನ್ನೇ ಇಟ್ಟು, ತಾನೇ ಪುಸ್ತಕ ಹಾಕಿಸಿದಳು. ಮಾರುವುದು ಹೇಗೆ? ಮಾವ ಊರೂರಿಗೆ ಒಯ್ಯುವ ಸೀರೆ ಗಂಟಿನಲ್ಲಿ!

ಪುಸ್ತಕ ಬಂದ ದಿನ ಮಾವ ಶಿರಹಟ್ಟಿ ಬಸ್ಸಿಗೆ ಗಂಟು ಕಟ್ಟಿಕೊಂಡು ನಿಂತಿದ್ದ. ಅತ್ತೆ ಬಿಡಲಿಲ್ಲ. ಹಮೀದಾಬಿ ಬರಲಿ ಎಂದಳು. ಅವಳಿಗೆ ಈಗ ಓಣಿ ದಾಟುವುದೂ ಕಷ್ಟ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದಳು.

ಅವಳು ಒಳಗೆ ಬರುವ ಮೊದಲೇ ನಾನು ಅತ್ತೆಯ ಕಿವಿಯಲ್ಲಿ ಕೇಳಿದೆ: “ಕೇಳೂದಿಲ್ಲಂತ ಗೊತ್ತಿದ್ದೂ ದಿನಾ ಅಷ್ಟ ಜೋರ ಯಾಕ ಓದ್ತಿದ್ದಿ ಅತ್ತಿ?”

“ಸಣ್ಣಗ ಓದಿದ್ರ, ನನಗ ಗೊತ್ತಾಗೇತಿ ಅಂತ ಅಕಿಗೆ ತಿಳೀತಿತ್ತು. ಆಮ್ಯಾಲ ನಾಚಿಕೊಂಡು ಬರೂದು ಬಿಟ್ರ ನಾ ಯಾರ ಮುಂದ ಓದ್ಲಿ?”

ಅತ್ತೆ ಮೊದಲ ಪ್ರತಿಯನ್ನು ಹಮೀದಾಬಿಯ ಮಡಿಲಲ್ಲಿಟ್ಟಳು. ಅವಳು ಅದನ್ನು ನಡುವೆ ತೆರೆದು, ನೂಲು ಸುತ್ತಿ ಸವೆದ ಬೆರಳುಗಳಿಂದ ಎರಡೂ ಪುಟ ಸವರಿದಳು. ಅತ್ತೆಯ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ ಮಾವನ ಕೈಗೆ ಕೊಟ್ಟಳು.

“ತಗೋರಿ. ಘಳಿಗಿ ಮುರದೀನಿ. ಇನ್ನ ಯಾರ ಬೇಕಾದ್ರೂ ಓದ್ಲಿ.”