ಕೆಳಗಿನಿಂದ ಮೊದಲನೆಯವರು

ನನ್ನ ಸೋದರಮಾವನ ಫುಟ್‌ಬಾಲ್ ತಂಡ ಎಷ್ಟೋ ವರ್ಷಗಳಿಂದ ಲೀಗ್ ಪಟ್ಟಿಯ ಮೊದಲ ಸಾಲನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ! ನಂಬಿಕೆ ಬಾರದಿದ್ದರೆ ಚಾಮರಾಜಪೇಟೆಯ ಅವರ ಮನೆಯ ಕಾಂಪೌಂಡಿಗೆ ತೂಗುಹಾಕಿರುವ ಕರಿಹಲಗೆಯನ್ನು ನೀವೇ ಹೋಗಿ ನೋಡಿ. ಪ್ರತಿ ಭಾನುವಾರ ಪಂದ್ಯ ಮುಗಿದ ಮೇಲೆ ಎಲ್ಲ ತಂಡಗಳ ಸ್ಥಾನವನ್ನೂ ಅವರು ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಾರೆ. ಒಂದು ಸಣ್ಣ ವಿಷಯ ಮಾತ್ರ ನಿಮಗೆ ತಿಳಿದಿರಲಿ. ಮಾವ ಪಟ್ಟಿಯನ್ನು ಕೊನೆಯ ಸ್ಥಾನದಿಂದ ಶುರುಮಾಡುತ್ತಾರೆ.

"ಇದೇನು ಮಾವ, ತಲೆಕೆಳಗು?" ಎಂದು ಕೇಳಿದ್ದೆ.

"ಮನೆ ಕಟ್ಟೋವಾಗ ಪಾಯದಿಂದ ಶುರು ಮಾಡ್ತಾರೋ, ತಾರಸಿಯಿಂದ್ಲೋ?"

ಮಾವ ನಿವೃತ್ತ ಗಣಿತದ ಮೇಷ್ಟ್ರು. ಜನ್ಮದಲ್ಲಿ ಚೆಂಡು ಒದ್ದವರಲ್ಲ. ಆದರೂ ಈ ಕ್ಲಬ್ಬಿಗೆ ಕಾರ್ಯದರ್ಶಿ, ಇತಿಹಾಸಕಾರ, ನೀರಿನ ಬಾಟಲಿ ಹೊರುವವರು, ಎಲ್ಲವೂ ಅವರೇ. ತಂಡದ ಗೋಲು ವ್ಯತ್ಯಾಸ ಮೈನಸ್ ಮೂವತ್ತೊಂದು ಆದಾಗ ನಾನು ನಕ್ಕೆ. "ಮೂವತ್ತೊಂದು ಏನು ಸಣ್ಣ ಸಂಖ್ಯೆನೇನೋ? ಹಿಂದಿರೋ ಗೀಟು ನೋಡ್ಕೊಂಡು ಕೂತ್ರೆ ಜೀವನ ಮಾಡಕ್ಕಾಗತ್ತಾ?" ಎಂದರು. ಇಂಥವರ ಕೈಯಲ್ಲಿ ಗಣಿತ ಕಲಿತ ಮಕ್ಕಳು ಈಗ ಎಲ್ಲೆಲ್ಲಿ ಲೆಕ್ಕ ತಪ್ಪುತ್ತಿದ್ದಾರೋ, ದೇವರೇ ಬಲ್ಲ.

ಒಮ್ಮೆ ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿದ್ದ ಮರಿಪುಢಾರಿಯೊಬ್ಬ ಆ ರಸ್ತೆಯಲ್ಲಿ ಹಾದುಹೋಗುವಾಗ ಹಲಗೆಯ ಮೊದಲ ಸಾಲನ್ನು ಓದಿಕೊಂಡ. ಮಾರನೆಯ ಬೆಳಿಗ್ಗೆ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್! 'ಚಾಂಪಿಯನ್ನರಿಗೆ ಹಾರ್ದಿಕ ಅಭಿನಂದನೆಗಳು.' ಪುಢಾರಿಯ ಮುಖ ದೊಡ್ಡದಾಗಿ, ನಡುವೆ ಮಾವನದು ಸ್ಟಾಂಪಿನಷ್ಟು. ಅವನಿಗೆ ನಿಜ ಹೇಳುವುದಲ್ಲವೇ ಎಂದು ಅತ್ತೆ ಗದರಿದರು.

"ಅಭಿನಂದನೆ ತಾನೇ? ಬೈದಿಲ್ವಲ್ಲ!" ಎಂದ ಮಾವ, ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಬಂದರು.

ಇನ್ನು ಕ್ಲಬ್ಬಿನ ಇತಿಹಾಸ. ಮಾವನ ಮಗಳನ್ನು ನೋಡಲು ಮಲ್ಲೇಶ್ವರದಿಂದ ಗಂಡಿನ ಕಡೆಯವರು ಬಂದಿದ್ದರು. ಬೀಗರಾಗಬೇಕಾದವರು ಉಪ್ಪಿಟ್ಟು ಮುಗಿಸಿ, "ನಿಮ್ಮ ಹಿರಿಯರ ವಿಚಾರ ಸ್ವಲ್ಪ ಹೇಳಿ" ಎಂದರು. ತಪ್ಪಾಯಿತು! ಮಾವ ಕ್ಲಬ್ಬಿನ ಸ್ಥಾಪಕರಿಂದ ಹಿಡಿದು, ತರಗುಪೇಟೆಯ ಬೇಳೆ ಮಂಡಿಯವರೊಬ್ಬರು ಗೋಣಿಚೀಲ ಹೊಲಿಸಿ ಗೋಲಿಗೆ ಬಲೆ ಕಟ್ಟಿಸಿದ ಪ್ರಸಂಗದವರೆಗೂ ಬಂದರು. ಎರಡನೇ ಸುತ್ತಿನ ಕಾಫಿಯೂ ಆರಿತು. ಬೀಗರು ಮಾತು ತಿರುಗಿಸಲು, "ತಮ್ಮದು ಗೋತ್ರ?" ಎಂದರು. "ಸಿ ಡಿವಿಷನ್" ಎಂದರು ಮಾವ. ಪುಣ್ಯಕ್ಕೆ ಹುಡುಗ ನಕ್ಕುಬಿಟ್ಟ. ಮದುವೆಯೂ ಆಯಿತು.

ಸಿ ಡಿವಿಷನ್ನಿನಿಂದ ಕೆಳಗೆ ಬೀಳಲು ಜಾಗವಿಲ್ಲ. ಆದ್ದರಿಂದ ಸೋಲಿಗೆ ಮಾವ ಹೆದರುತ್ತಿರಲಿಲ್ಲ. ಹೆದರಿಕೆ ಇದ್ದದ್ದು ಒಂದೇ ನಿಯಮಕ್ಕೆ. ಒಂದು ಸೀಸನ್ನಿನಲ್ಲಿ ಎರಡು ಸಲ ತಂಡ ಮೈದಾನಕ್ಕಿಳಿಯದಿದ್ದರೆ ಅದರ ಹೆಸರು ಲೀಗಿನಿಂದಲೇ ಹೋಗುತ್ತದೆ. ಈ ವರ್ಷ ಹುಡುಗರಿಗೆ ಪರೀಕ್ಷೆ, ಜ್ವರ, ಹೊಸ ಕೆಲಸ. ಒಂದು ಸಲ ಆಗಲೇ ತಪ್ಪಿಹೋಗಿತ್ತು. ಉಳಿದದ್ದು ಕೊನೆಯ ಪಂದ್ಯ.

ಆ ಭಾನುವಾರ ಹನುಮಂತನಗರದಿಂದ ನಾನೂ ಹೋದೆ. ನಿಜ ಹೇಳಬೇಕೆಂದರೆ, ತಮಾಷೆ ನೋಡಲು. ಆಟ ಶುರುವಾಗಲು ಕನಿಷ್ಠ ಏಳು ಜನ ಬೇಕು. ಬಂದಿದ್ದವರು ಆರು. ರೆಫರಿ ಗಡಿಯಾರ ನೋಡಿದರು. ಮಾವ ಗೇಟಿನ ಕಡೆ ನೋಡುತ್ತಲೇ ಇದ್ದರು. ಆಮೇಲೆ ನನ್ನತ್ತ ತಿರುಗಿದರು.

"ಶೂ ಹಾಕ್ಕೋ."

"ನಾನಾ? ನನಗೆ ನಲವತ್ತಾರು ಮಾವ! ಅಲ್ಲದೆ ಹೊರಗಿನವರನ್ನ ಆಡಿಸೋ ಹಾಗಿಲ್ಲ."

ಅವರು ಫೈಲಿನಿಂದ ಒಂದು ಕಾರ್ಡು ತೆಗೆದು ರೆಫರಿಗೆ ಕೊಟ್ಟರು. ಈ ಸಾಲಿನ ನೋಂದಾಯಿತ ಆಟಗಾರ, ನನ್ನ ಹೆಸರು, ನನ್ನ ಸಹಿ! ವರ್ಷಕ್ಕೊಮ್ಮೆ ಮನೆಗೆ ಬಂದು ಕಾಫಿಯ ನಡುವೆ ಅವರು ಹಾಕಿಸಿಕೊಳ್ಳುತ್ತಿದ್ದ ಸಹಿ ಇದಕ್ಕೆಂದು ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಕಾರ್ಡುಗಳೂ ಫೈಲಿನಲ್ಲಿದ್ದವು, ಒಂದು ವರ್ಷವೂ ಬಿಟ್ಟಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಇದೇ ತಂಡಕ್ಕೆ ಆಡುತ್ತಾ ನಾನೊಂದು ಪೆನಾಲ್ಟಿ ಹಾಳು ಮಾಡಿದ್ದೆ. ಗೆದ್ದಿದ್ದರೆ ಮೇಲಿನ ಡಿವಿಷನ್ನಿಗೆ ಹೋಗಬಹುದಾಗಿದ್ದ ಪಂದ್ಯ ಅದು. ಅವಮಾನದಿಂದ ಅಳುತ್ತಾ ಹೋದವನು ಮತ್ತೆ ಚೆಂಡು ಮುಟ್ಟಿರಲಿಲ್ಲ.

ಆಡಿದೆ. ಅದನ್ನು ಆಟ ಎನ್ನುವುದಾದರೆ! ಚೆಂಡೊಂದು ಹೊಟ್ಟೆಗೆ ಬಡಿದು ಗೋಲು ತಪ್ಪಿತು, ಅಷ್ಟೇ ನನ್ನ ಸಾಧನೆ. ಒಂಬತ್ತು ಸೊನ್ನೆಯಿಂದ ಸೋತೆವು. ಹೆಸರು ಉಳಿಯಿತು.

ಕೊನೆಯ ಸೀಟಿ ಊದಿದಾಗ ನನ್ನ ಮೀನಖಂಡ ಹಿಡಿದುಕೊಂಡಿತ್ತು. ಮಾವ ಹುಲ್ಲಿನ ಮೇಲೆ ಮಂಡಿಯೂರಿ ನನ್ನ ಕಾಲು ನೀವತೊಡಗಿದರು.

"ಕಾಲು ಬಿಡಿ ಮಾವ, ನೀವು ದೊಡ್ಡವರು."

"ಆಟಗಾರನ ಕಾಲು ಕಣೋ, ಸುಮ್ನಿರು."

"ಇಷ್ಟು ವರ್ಷ ಯಾಕೆ ಹೆಸರು ಬರೆಸಿದ್ರಿ? ನಾನು ಬರಲ್ಲ ಅಂತ ಗೊತ್ತಿತ್ತಲ್ವಾ?"

ಅವರು ತಲೆ ಎತ್ತಲಿಲ್ಲ. "ಒಂದು ಪೆನಾಲ್ಟಿ ತಪ್ತು ಅಂತ ಮನೆ ಮಗನ ಹೆಸರು ಹೊಡೆದು ಹಾಕಕ್ಕಾಗತ್ತೇನೋ?" ಎಂದು ಇನ್ನೊಂದು ಕಾಲಿಗೆ ಕೈ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ.