ಗಡಹಿಂಗ್ಲಜ ರಸ್ತೆಯ ವೇಗ ದಾಖಲೆ

ಗಡಹಿಂಗ್ಲಜ ರಸ್ತೆಯಲ್ಲಿ ಈವರೆಗೆ ಮೂರು ವೇಗ ದಾಖಲೆಗಳಾಗಿವೆ ಎಂಬುದು ಕೊಲ್ಹಾಪುರದ ಪಾರಂಪರಿಕ ವೇಗ ಸಮಿತಿಯ ದಫ್ತರದಲ್ಲಿ ನಮೂದಾಗಿರುವ ಸಂಗತಿ. ೧೯೩೧ರಲ್ಲಿ ಗಂಟೆಗೆ ಅರವತ್ತಮೂರು ಮೈಲಿ. ಎಮ್ಮೆ ಅಡ್ಡ ಬಂದಿದ್ದರಿಂದ ಅಲ್ಲಿಗೇ ಮುಕ್ತಾಯ. ೧೯೩೪ರಲ್ಲಿ ಎಪ್ಪತ್ತೆಂಟು, ಎಮ್ಮೆಯನ್ನು ಮೊದಲೇ ಕಟ್ಟಿಹಾಕಲಾಗಿತ್ತು. ೧೯೩೭ರಲ್ಲಿ ತೊಂಬತ್ತೊಂದು. ಮೂರೂ ಸಲ ಓಡಿದ್ದು ಒಂದೇ ಕೆಂಪು ರೇಸ್ ಕಾರು. ಚಾಲಕನ ಹೆಸರು ಬರೆಯುವ ಕಡೆ ಮೂರೂ ಸಲ ‘ಇನಾಮದಾರರ ಕಾರು’ ಎಂದಷ್ಟೇ ಇದೆ.

ಇಚಲಕರಂಜಿಯ ಲೇಥ್ ಮಿಸ್ತ್ರಿ ಸಾತಪ್ಪನಿಗೆ ಇದೇ ನುಂಗಲಾರದ ತುತ್ತಾಗಿತ್ತು. ಮೂರೂ ಸಲ ಸ್ಟೇರಿಂಗ್ ಹಿಡಿದವನು ಅವನ ಅಜ್ಜ, ಎಂದೋ ತೀರಿಹೋದ ಕಾಡಸಿದ್ದ. ಇನಾಮದಾರರು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದರಂತೆ. ಸಾತಪ್ಪ ಅದೇ ಕಾರನ್ನು ಗುಜರಿಯಿಂದ ತಂದು, ಮಗ್ಗದ ಬಿಡಿಭಾಗ ಕಡೆದು ಉಳಿದ ಹೊತ್ತಿನಲ್ಲಿ ಅದರ ಪಿಸ್ಟನ್ನು ಕಡೆಯುತ್ತ, ಹನ್ನೊಂದು ವರ್ಷಕ್ಕೆ ಜೀವ ತುಂಬಿದ. ನಂತರ ಸಮಿತಿಯ ಅಧ್ಯಕ್ಷ ದಾದಾಸಾಹೇಬರ ಮುಂದೆ ಹೋಗಿ ನಿಂತ.

“ಸಾಹೇಬ್ರ, ಅಲ್ಲಿ ನಮ್ಮಜ್ಜನ ಹೆಸರ ಬರೀರಿ. ಅಷ್ಟ ಸಾಕು.”

“ಪುರಾವಾ ಐತೇನು?”

“ಕಾರ ಐತ್ರಿ.”

“ಕಾರ ಬಾಯಿ ಬಿಟ್ಟ ಸಾಕ್ಷಿ ಹೇಳತೈತೇನು? ಹಳೇ ದಾಖಲೆ ತಿದ್ದಾಕ ಬರೂದಿಲ್ಲ. ನೀ ಹೊಸಾ ದಾಖಲೆ ಮಾಡು, ಅದರ ಮುಂದ ಟಿಪ್ಪಣಿ ಬರ್ಯೂ ಶೇರಾದಾಗ ಅಜ್ಜನ ಹೆಸರ ಹಾಕೂಣು.”

ವಾರದೊಳಗೆ ಪ್ರಕಟಣೆ ಹೊರಬಿತ್ತು. ದಾಖಲೆ ಮುರಿಯುವ ವಾಹನವು ಗಂಟೆಗೆ ನಲವತ್ತು ಕಿಲೋಮೀಟರಿನ ಕಾನೂನು ಮಿತಿಯನ್ನು ಮುರಿಯತಕ್ಕದ್ದಲ್ಲ. ಉದ್ಘಾಟಕರ ವಾಹನವನ್ನು ಯಾರೂ ಹಿಂದೆ ಹಾಕತಕ್ಕದ್ದಲ್ಲ. ದಾಖಲೆ ಮುರಿದವರು ಆ ಬಗ್ಗೆ ಎಂಟು ದಿನ ಮುಂಚಿತವಾಗಿ ಲಿಖಿತ ತಿಳಿವಳಿಕೆ ನೀಡತಕ್ಕದ್ದು.

ಸಾತಪ್ಪ ಹತ್ತು ದಿನ ಮುಂಚೆಯೇ ನೀಡಿದ.

“ತೊಂಬತ್ತೊಂದ ಮೈಲಿ ಮುರ್ಯಾಂವ ನಲವತ್ತ ಕಿಲೋಮೀಟರದಾಗ ಹ್ಯಾಂಗ ಮುರೀತಿ?” ಎಂದು ಹೆಂಡತಿ ರಾಯವ್ವ ಕೇಳಿದಳು.

“ಅದನ್ನ ಸಮಿತಿ ನೋಡ್ಕೋತೈತಿ.”

ನಿಗದಿತ ದಿನ ಉದ್ಘಾಟಕರು ತಮ್ಮ ಕಾರಿನಲ್ಲಿ ಮುಂದೆ ಹೊರಟರು. ಅವರ ಮುಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಒಂದು ಏರು ಹತ್ತುತ್ತಿತ್ತು. ಕಬ್ಬಿನ ಬಗ್ಗೆ ನಿಯಮದಲ್ಲಿ ಏನೂ ಹೇಳಿರಲಿಲ್ಲ. ಹೀಗಾಗಿ ಎಲ್ಲರೂ ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಸಾಗಿದರು. ಕೆಂಪು ಕಾರು ಹಗ್ಗ ಜಗ್ಗುವ ಹೋರಿಯಂತೆ ಗುರುಗುಟ್ಟಿತು. ಸಾತಪ್ಪ ಬ್ರೇಕನ್ನು ಒತ್ತಿ ಹಿಡಿದಿದ್ದ. ಒಮ್ಮೆ, ಒಂದೇ ಒಂದು ಸಲ, ಬಿಟ್ಟುಬಿಡಲೇ ಅನ್ನಿಸಿತು. ಬಿಡಲಿಲ್ಲ.

ಕುರಿ ಹೊಡೆದುಕೊಂಡು ಹೊರಟಿದ್ದ ಧೋಂಡಿಬಾ ಕಾರಿನೊಳಗೆ ಇಣುಕಿದ. “ಕೆಟ್ಟೈತೇನ್ರಿ?”

“ಇಲ್ರಿ, ದಾಖಲೆ ಮಾಡಾಕತ್ತೇನಿ.”

“ಹಂಗಾರ ಮಾಡ್ರಿ, ನನಗ ಗಡಬಡಿ ಐತಿ,” ಎಂದು ಧೋಂಡಿಬಾ ಕುರಿಗಳೊಂದಿಗೆ ಮುಂದೆ ಹೋದ.

ಅಂದೇ ಸಂಜೆ ಸಮಿತಿ ತೀರ್ಮಾನ ಓದಿತು. ಹಳೆಯ ಮೂರೂ ದಾಖಲೆಗಳು ಇಂದಿನ ವೇಗಮಿತಿಯನ್ನು ಮೀರಿರುವುದರಿಂದ ರದ್ದು. ಕಾನೂನುಬದ್ಧವಾಗಿ ಸಾಧಿಸಿದ ಅತ್ಯಧಿಕ ವೇಗ ನಾಲ್ಕು ಕಿಲೋಮೀಟರ್. ಮುಂದಿದ್ದದ್ದೇ ಹೆಚ್ಚು ವೇಗದ್ದಾದ ಕಾರಣ ದಾಖಲೆ ಉದ್ಘಾಟಕರಿಗೆ ಸಲ್ಲುತ್ತದೆ. ಟ್ರ್ಯಾಕ್ಟರ್ ಮತ್ತು ಕುರಿಗಳು ಅರ್ಜಿ ಸಲ್ಲಿಸಿರಲಿಲ್ಲ.

“ಮತ್ತ ನಮ್ಮಜ್ಜನ ಹೆಸರು?”

“ನೀ ಎರಡನೇ ನಂಬರ,” ಎಂದರು ದಾದಾಸಾಹೇಬರು. “ಎರಡನೇ ನಂಬರಿಗೆ ಶೇರಾ ಇರೂದಿಲ್ಲ.”

ಸಾತಪ್ಪ ಮನೆಗೆ ಬಂದು ಕಾರಿಗೆ ಹೊದಿಕೆ ಹೊದಿಸಿದ. ಎರಡು ದಿನ ಲೇಥ್ ತಿರುಗಲಿಲ್ಲ.

ಆದರೆ ರದ್ದಾದದ್ದು ಅಪರಾಧವೂ ಆಗುತ್ತದೆ ಎಂದು ಸಮಿತಿಗೆ ತಡವಾಗಿ ಹೊಳೆಯಿತು. ಅತಿವೇಗದ ಬಗ್ಗೆ ಇನಾಮದಾರರ ವಾರಸುದಾರರಿಗೆ ನೋಟೀಸು ಹೋಯಿತು. ಅವರು ಮರುದಿನವೇ ಹಳೆಯ ಪತ್ರ, ಫೋಟೋಗಳ ಸಮೇತ ಉತ್ತರ ಕೊಟ್ಟರು: ನಮ್ಮ ಹಿರಿಯರಿಗೆ ಕಾರು ನಡೆಸಲು ಬರುತ್ತಲೇ ಇರಲಿಲ್ಲ, ಮೂರೂ ಸಲ ನಡೆಸಿದವನು ಕಾಡಸಿದ್ದ.

ಹೀಗೆ ಇಚಲಕರಂಜಿಯ ವಿಳಾಸಕ್ಕೆ ಮೊಹರು ಬಿದ್ದ ಲಕೋಟೆ ಬಂತು. ರಾಯವ್ವ ಗಟ್ಟಿಯಾಗಿ ಓದಿದಳು: “ಚಾಲಕ ಕಾಡಸಿದ್ದ ಇವರು ಮೂರು ಬಾರಿ ಅಪಾಯಕಾರಿ ವೇಗದಲ್ಲಿ ವಾಹನ ಚಲಾಯಿಸಿರುವುದು ಸಂಶಯಾತೀತವಾಗಿ ಸಿದ್ಧವಾಗಿದ್ದು, ಇವರ ಪರವಾನಗಿಯನ್ನು ಆರು ತಿಂಗಳು ಅಮಾನತುಗೊಳಿಸಲಾಗಿದೆ.”

“ಮತ್ತೊಮ್ಮೆ ಓದ,” ಎಂದ ಸಾತಪ್ಪ. ಅವಳು ನಾಲ್ಕು ಸಲ ಓದಿದಳು. ಓಣಿಗೆಲ್ಲ ಪೇಢೆ ಹಂಚಿದರು. ನೋಟೀಸಿಗೆ ಕಟ್ಟು ಹಾಕಿಸಿದರು. ದಾದಾಸಾಹೇಬರೇ ಬಂದು ಅನಾವರಣ ಮಾಡಿ, ಚಾಲಕನನ್ನು ಹೊಗಳಿ ಅರ್ಧ ತಾಸು ಮಾತಾಡಿದರು.

ಅಮಾನತಿನ ಅವಧಿಯಲ್ಲಿ ಅಜ್ಜ ಯಾವುದೇ ವಾಹನ ಮುಟ್ಟುವುದಿಲ್ಲವೆಂದು ಸಾತಪ್ಪ ಮುಚ್ಚಳಿಕೆ ಬರೆದುಕೊಟ್ಟ. ಕಾಡಸಿದ್ದನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿರುವುದನ್ನು ಗಮನಿಸಿದ ಸಮಿತಿ, ಸನ್ನಡತೆಯ ಆಧಾರದ ಮೇಲೆ ಎರಡು ತಿಂಗಳು ಮಾಫಿ ಮಾಡಿತು.